ನಮ್ಮ ಸುದ್ದಿಯನ್ನು ಘಟ್ಟ ಹತ್ತಿಸಿದವರಿಗೆ

ಭಾನುವಾರ ಕುಮಟಾದ ಮಣಕಿ ಮೈದಾನದಲ್ಲಿ ಆಸ್ಪತ್ರೆಗಾಗಿ ನಡೆದ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು ಅಂತ ಮನಸ್ಸಿದೆ, ಆದರೆ ಅದು ಆಗುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಪೂರ್ತಿ ಓದಿ, ನಿಮ್ಮ ಪಾಲೂ ಇದರಲ್ಲಿ ಎಲ್ಲೋ ಇರುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸರಿಯಾದ ಆಸ್ಪತ್ರೆ ಬೇಕು, ಅಪಘಾತವಾದವರನ್ನು, ಹೃದಯಾಘಾತವಾದವರನ್ನು, ತಲೆಗೆ ಪೆಟ್ಟು ಬಿದ್ದವರನ್ನು ಇಲ್ಲೇ ಉಳಿಸಿಕೊಳ್ಳುವ ಆಸ್ಪತ್ರೆ ಬೇಕು ಅಂತ ನಾವು ಕೇಳುತ್ತಿರುವುದು ಇಂದು ನಿನ್ನೆಯಿಂದಲ್ಲ. ಭರವಸೆಗಳನ್ನೂ ಬೇಕಾದಷ್ಟು ಕೇಳಿದ್ದೇವೆ. ಆದರೆ ಈ ಸಲ ನಮ್ಮ ಮಾತು ಜಿಲ್ಲಾ ಪುಟವನ್ನು ದಾಟಿತು. ಸೋಮವಾರ ಬೆಳಿಗ್ಗೆ ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗನೊಬ್ಬ ಪತ್ರಿಕೆಯ ಅಲ್ಲಿನ ಆವೃತ್ತಿಯ ಫೋಟೋ ತೆಗೆದು ಕಳಿಸಿದಾಗ, ಮಣಕಿ ಮೈದಾನದ ಚಿತ್ರ ಅದರಲ್ಲಿ ಇತ್ತು. ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಇದರಲ್ಲಿ ಏನು ಮಹಾ ಅಂತ ಹೊರಗಿನವರಿಗೆ ಅನ್ನಿಸಬಹುದು. ನಮಗೆ ಗೊತ್ತು. ರಾಜ್ಯಮಟ್ಟದ ಪತ್ರಿಕೆಗಳಲ್ಲಿ ನಮ್ಮ ಸುದ್ದಿ ಬರುವುದು ಉತ್ತರ ಕನ್ನಡದ ಪುಟದಲ್ಲಿ. ಆ ಪುಟ ಹುಬ್ಬಳ್ಳಿಯಿಂದ ಘಟ್ಟ ಇಳಿದು ನಮ್ಮ ಮನೆಗೆ ಬರುತ್ತದೆ. ಅದೇ ದಿನ ಅದೇ ಪತ್ರಿಕೆಯನ್ನು ಬೆಂಗಳೂರಿನಲ್ಲಿ ಕೊಂಡರೆ ಆ ಪುಟ ಇರುವುದಿಲ್ಲ. ಅಂದರೆ ನಮ್ಮ ಕಷ್ಟವನ್ನು ನಾವೇ ಓದಿ ನಾವೇ ಮಡಚಿ ಇಡುತ್ತೇವೆ, ತೀರ್ಮಾನ ಮಾಡಬೇಕಾದವರ ಟೇಬಲ್ಲಿಗೆ ಅದು ಹೋಗುವುದೇ ಇಲ್ಲ. 12 ತಾಲೂಕು, 10 ಸಾವಿರ ಚದರ ಕಿಲೋಮೀಟರಿಗೂ ಮೀರಿದ ಜಾಗ, 2011ರ ಜನಗಣತಿಯ ಲೆಕ್ಕದಲ್ಲೇ 14 ಲಕ್ಷಕ್ಕಿಂತ ಜಾಸ್ತಿ ಜನ. ಆದರೆ 224 ಶಾಸಕರಲ್ಲಿ ನಮ್ಮ ಜಿಲ್ಲೆಯವರು 6 ಮಂದಿ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟೆವು, ಕೈಗಾ ಅಣುಸ್ಥಾವರಕ್ಕೆ ಕೊಟ್ಟೆವು, ಕಾಳಿ ನದಿಯ ಅಣೆಕಟ್ಟುಗಳಿಗೆ ಊರಿಗೆ ಊರೇ ಬಿಟ್ಟೆವು. ಇಷ್ಟು ಕೊಟ್ಟ ಜಿಲ್ಲೆ ಒಂದು ಆಸ್ಪತ್ರೆ ಕೇಳಿದರೆ ಕೇಳಿಸಿಕೊಳ್ಳುವವರು ಬೇಕಲ್ವಾ?

ಹಾಗಾಗಿ ಮೊದಲ ಕೃತಜ್ಞತೆ ನಮ್ಮ ತಾಲೂಕು ವರದಿಗಾರರಿಗೆ. ಇವರಲ್ಲಿ ಎಷ್ಟೋ ಜನರಿಗೆ ತಿಂಗಳ ಸಂಬಳ ಅಂತ ಇಲ್ಲ, ಸುದ್ದಿಗೆ ಇಷ್ಟು ಅಂತ ಬರುತ್ತದೆ. ಹೊಟ್ಟೆಪಾಡಿಗೆ ಅಂಗಡಿಯೋ, ತೋಟವೋ, ವಿಮೆ ಏಜೆನ್ಸಿಯೋ ಬೇರೆ ಇರುತ್ತದೆ. ಬೈಕಿಗೆ ಪೆಟ್ರೋಲ್ ಸ್ವಂತದ್ದು. ಅವರಲ್ಲಿ ಒಬ್ಬರು, ಹೆಸರು ಹಾಕಬೇಡಿ ಎಂದಿದ್ದಾರೆ, ಸಭೆಗೆ ಬಹಳ ಮೊದಲೇ ನಮ್ಮ ಜೊತೆ ಕೂತು ಚಹಾ ಕುಡಿಯುತ್ತ ಹೇಳಿದ ಮಾತು ನಮ್ಮ ಇಡೀ ತಯಾರಿಯನ್ನೇ ಬದಲಿಸಿತು. "ಬೇಡಿಕೆಗಳ ಪಟ್ಟಿ ಕೊಟ್ಟರೆ ನಾಲ್ಕು ಸಾಲು ಬರುತ್ತದೆ. ಭಾಷಣ ಮಾಡಿಸಿದರೆ ಭಾಷಣ ಮಾಡಿದವರ ಹೆಸರು ಬರುತ್ತದೆ. ಆಸ್ಪತ್ರೆ ಇಲ್ಲದೆ ಯಾರು ಏನು ಕಳೆದುಕೊಂಡರೋ ಅವರನ್ನು ಮಾತಾಡಿಸಿ" ಎಂದರು.

ಸಭೆ ಯಾವಾಗ ಇಡಬೇಕು ಅಂತ ಹೇಳಿಕೊಟ್ಟಿದ್ದೂ ಅವರೇ. ನಮ್ಮಲ್ಲಿ ಸಂಜೆ ಸಭೆ ಇಡುವುದು ರೂಢಿ, ಬಿಸಿಲು ಇಳಿದ ಮೇಲೆ ಜನ ಬರುತ್ತಾರೆ ಅಂತ. ಜಿಲ್ಲಾ ಪುಟ ಕತ್ತಲಾಗುವ ಹೊತ್ತಿಗೆ ಮುಗಿಯುತ್ತದೆ. ಸಂಜೆ ಶುರುವಾದ ಸಭೆಗೆ ಅದರಲ್ಲಿ ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಬೆಳಿಗ್ಗೆ 10ಕ್ಕೆ ಇಟ್ಟೆವು. ಭಾನುವಾರ ಸರ್ಕಾರಿ ಕಚೇರಿಗಳು ಮುಚ್ಚಿರುತ್ತವೆ, ಸಭೆ ಸಮಾರಂಭಗಳ ಪ್ರಕಟಣೆ ಕಡಿಮೆ, ಸೋಮವಾರದ ಪುಟದಲ್ಲಿ ಜಾಗ ಇರುತ್ತದೆ. ಇದೆಲ್ಲ ಅನುಭವಿಗಳಿಗೆ ಸಣ್ಣ ವಿಷಯ. ನಮಗೆ ಗೊತ್ತಿರಲಿಲ್ಲ, ಅವರು ಹೇಳಿದರು, ನಾವು ಕೇಳಿದೆವು.

ಪತ್ರಿಕಾ ಹೇಳಿಕೆ ಬರೆದುಕೊಟ್ಟ ನಿವೃತ್ತ ಮಾಸ್ತರರಿಗೆ ದೊಡ್ಡ ನಮಸ್ಕಾರ. ಒಂದೇ ಹಾಳೆ. ಯಾರು ಸೇರುತ್ತಾರೆ, ಎಲ್ಲಿ, ಏಕೆ, ಏನು ಕೇಳುತ್ತಿದ್ದಾರೆ, ಮಾತಾಡಬೇಕಾದರೆ ಯಾರಿಗೆ ಫೋನ್ ಮಾಡಬೇಕು, ಅಷ್ಟೇ. ಮಾತಾಡುವವರ ಹೆಸರು, ಊರು ತಪ್ಪಿಲ್ಲದೆ ಬರೆದಿದ್ದರು. "ಸಾವಿರಾರು ಜನ" ಅಂತ ಬರೆಯೋಣ ಎಂದವರಿಗೆ ಮಾಸ್ತರರು ಬಿಡಲಿಲ್ಲ. ಬಂದವರು ಸಹಿ ಹಾಕಿದ ಪುಸ್ತಕವನ್ನೇ ವರದಿಗಾರರ ಮುಂದೆ ಇಟ್ಟರು, ನೀವೇ ಎಣಿಸಿಕೊಳ್ಳಿ ಎಂದರು. ಅವರು ಎಣಿಸಿದರು. ಆಮೇಲೆ ನಮ್ಮ ಉಳಿದ ಮಾತನ್ನೂ ನಂಬಿದರು.

ಈಗ ಮುಖ್ಯವಾದವರ ಬಗ್ಗೆ. ಆ ದಿನ ಮೈಕ್ ಹಿಡಿದವರಲ್ಲಿ ಹೆಚ್ಚಿನವರು ಜೀವನದಲ್ಲಿ ಮೊದಲ ಸಲ ಮೈಕ್ ಹಿಡಿದವರು. ಗಂಗಾವಳಿ ದಡದ ಅಕ್ಕ ಮೀನು ಮಾರುವ ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು ವೇದಿಕೆ ಹತ್ತಿದರು. ಗಂಡನಿಗೆ ಎದೆನೋವು ಬಂದಾಗ ಅಂಬ್ಯುಲೆನ್ಸಿನಲ್ಲಿ ಮಣಿಪಾಲಕ್ಕೆ ಹೊರಟದ್ದು, ಹೊನ್ನಾವರ ದಾಟುವಾಗ ಅವರು ನೀರು ಕೇಳಿದ್ದು, ಭಟ್ಕಳ ದಾಟುವಾಗ ಮಾತು ನಿಂತದ್ದು, ಎಲ್ಲವನ್ನೂ ದಾರಿಯ ಊರುಗಳ ಹೆಸರು ಹಿಡಿದೇ ಹೇಳಿದರು. ಅತ್ತಿದ್ದು ಅವರಲ್ಲ, ಕೇಳುತ್ತಿದ್ದ ನಾವು. ಸಿದ್ದಾಪುರದ ಕಡೆಯಿಂದ ಬಂದ ಅಪ್ಪ, ಅಡಿಕೆ ಮರದಿಂದ ಬಿದ್ದ ಮಗನನ್ನು ಶಿವಮೊಗ್ಗಕ್ಕೆ ಒಯ್ದ ರಾತ್ರಿಯ ಬಗ್ಗೆ ಹೇಳಿದರು. ಮಗ ಬದುಕಿದ್ದಾನೆ. ಅವನೂ ಬಂದಿದ್ದ, ಗೆಳೆಯನ ಹೆಗಲು ಹಿಡಿದುಕೊಂಡು. ಕಾರವಾರದವರು ಗೋವಾದ ಬಾಂಬೋಳಿಯ ಆಸ್ಪತ್ರೆಗೆ ಓಡುವ ಕಥೆ ಹೇಳಿದರು. ಶಿರಸಿಯವರದ್ದು ಹುಬ್ಬಳ್ಳಿಯ ದಾರಿ. ಒಬ್ಬ ಅಂಬ್ಯುಲೆನ್ಸ್ ಚಾಲಕರು ಎದ್ದು ನಿಂತು, ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ಎಲ್ಲೆಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಗುಡ್ಡದ ಮಣ್ಣು ಬರುತ್ತದೆ ಅಂತ ಒಂದೊಂದೇ ಜಾಗ ಹೇಳುತ್ತ ಹೋದರು. ಟಿವಿಯವರು ಅವರನ್ನು ಆಮೇಲೆ ಪಕ್ಕಕ್ಕೆ ಕರೆದು ಎಷ್ಟೋ ಹೊತ್ತು ಮಾತಾಡಿಸಿದರು.

ಚಾಲಕರ ಮಾತು ಕೇಳುವಾಗ ಎಲ್ಲರಿಗೂ 2022ರ ಜುಲೈ 20 ನೆನಪಾಗಿರಬೇಕು. ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಅಂಬ್ಯುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಬಳಿ ಒದ್ದೆ ರಸ್ತೆಯಲ್ಲಿ ಜಾರಿ ಬಡಿದು ನಾಲ್ವರು ಹೋದರು. ಅದಾದ ಮೇಲೆಯೇ "ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ" ಎನ್ನುವ ಮಾತು ಟ್ವಿಟರಿನಲ್ಲಿ ಎದ್ದಿದ್ದು. ಅದನ್ನು ಎಬ್ಬಿಸಿದವರು ಯಾವ ಪಕ್ಷದ ಐಟಿ ಘಟಕವೂ ಅಲ್ಲ, ನಮ್ಮದೇ ಮನೆಗಳ ಹುಡುಗ ಹುಡುಗಿಯರು, ಊರಲ್ಲಿ ಇದ್ದವರು, ಊರು ಬಿಟ್ಟು ದೂರದಲ್ಲಿ ದುಡಿಯುತ್ತಿರುವವರು. ಅವರಲ್ಲಿ ಕೆಲವರು ಭಾನುವಾರ ನಮ್ಮ ಜೊತೆ ಕುರ್ಚಿ ಜೋಡಿಸುತ್ತಿದ್ದರು. ನಿಮಗೂ ತುಂಬಾ ತುಂಬಾ ಧನ್ಯವಾದ. ನೀವು ಅಂದು ದಾರಿ ಮಾಡದಿದ್ದರೆ ಇಂದು ಚಾನೆಲ್‌ನವರು ನಮ್ಮ ಫೋನ್ ಎತ್ತುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ, ನಮ್ಮ ಜಿಲ್ಲೆಯನ್ನು ಇಡೀ ದೇಶ ನೋಡಿತು. ನೋಡುವ ಹಾಗೆ ಮಾಡಿದವರಲ್ಲಿ ಕೇರಳದ ಚಾನೆಲ್‌ಗಳು ಮುಂದೆ. ಅಲ್ಲಿ ನಾಪತ್ತೆಯಾದ ತಮ್ಮ ರಾಜ್ಯದ ಲಾರಿ ಚಾಲಕನಿಗಾಗಿ ಆ ಮಳೆಯಲ್ಲಿ ದಿನಗಟ್ಟಲೆ ರಸ್ತೆಯಲ್ಲೇ ನಿಂತರು. ಸೆಪ್ಟೆಂಬರ್ 25ಕ್ಕೆ ಗಂಗಾವಳಿಯಿಂದ ಆ ಲಾರಿಯನ್ನು ಮೇಲೆತ್ತುವವರೆಗೂ ಆ ಮನೆಯವರು, ಆ ರಾಜ್ಯದವರು ಕೈಬಿಡಲಿಲ್ಲ. ಅದೇ ಹೊತ್ತಿಗೆ ಆಚೆ ದಡದ ಉಳುವರೆಯಲ್ಲಿ ನದಿಯ ನೀರು ನುಗ್ಗಿ ಮನೆ ಕಳೆದುಕೊಂಡ ನಮ್ಮ ಜನರ ಕಡೆ ಕ್ಯಾಮೆರಾ ತಿರುಗಿದ್ದು ಕಡಿಮೆ. ಇದನ್ನು ಕೇರಳದವರ ಮೇಲಿನ ದೂರಾಗಿ ಹೇಳುತ್ತಿಲ್ಲ, ಅವರಿಗೆ ಕೈ ಮುಗಿಯುತ್ತೇನೆ. ತಮ್ಮವನೊಬ್ಬನಿಗಾಗಿ ಅವರು ಹಾಗೆ ನಿಲ್ಲುವುದನ್ನು ಕಣ್ಣಾರೆ ನೋಡಿದ್ದರಿಂದಲೇ, ನಾವೂ ನಮ್ಮವರ ಪರವಾಗಿ ಹಾಗೆ ನಿಲ್ಲಬೇಕು ಅಂತ ನಮ್ಮ ಸಣ್ಣ ಗುಂಪು ಕೂತು ಮಾತಾಡಿದ್ದು. ಭಾನುವಾರದ ಸಭೆ ಆ ಮಾತಿನಿಂದ ಹುಟ್ಟಿದ್ದು.

ಬಟ್ಟೆಯ ಮೇಲೆ ಜಿಲ್ಲೆಯ ನಕ್ಷೆ ಬರೆದ ಕಾಲೇಜು ಮಕ್ಕಳೇ, ಸೋಮವಾರದ ಪುಟಗಳಲ್ಲಿ ಬಂದ ಫೋಟೋ ನಿಮ್ಮದು. 12 ತಾಲೂಕುಗಳಿಂದ ರೋಗಿಗಳು ಹೋಗುವ ದಾರಿಗೆ ಕೆಂಪು ಬಾಣ ಹಾಕಿದ್ದಿರಿ. ಒಂದೊಂದು ಬಾಣವೂ ಜಿಲ್ಲೆಯ ಹೊರಗೇ ಹೋಗುತ್ತಿತ್ತು. ಅದನ್ನು ಮೈದಾನದ ನಡುವೆ ಹಾಸಿ ಜನ ಸುತ್ತ ನಿಂತಾಗ, ಛಾಯಾಗ್ರಾಹಕರು ಪಕ್ಕದ ಮಹಡಿ ಹತ್ತಿ ತೆಗೆದರು. ನಾವು ಎಷ್ಟು ಬರೆದರೂ ಹೇಳಲಾಗದ್ದು ಆ ಒಂದು ಚಿತ್ರದಲ್ಲಿ ಇತ್ತು.

ಪಕ್ಷಗಳ ಕಾರ್ಯಕರ್ತರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಎಲ್ಲ ಪಕ್ಷದವರೂ ಬಂದಿದ್ದಿರಿ. ಬಾವುಟ, ಶಾಲು ಮನೆಯಲ್ಲೇ ಬಿಟ್ಟು ಬನ್ನಿ, ವೇದಿಕೆಯ ಕೆಳಗೆ ಎಲ್ಲರ ಜೊತೆ ಕೂರಿ ಎಂದಾಗ ಒಪ್ಪಿದಿರಿ. ಅದು ಸುಲಭದ ಮಾತಲ್ಲ. ವರದಿಗಾರರ ಮೊದಲ ಪ್ರಶ್ನೆಯೇ "ಇದು ಯಾವ ಪಕ್ಷದವರದ್ದು?" ಅಂತ. ಉತ್ತರ ಕಣ್ಣ ಮುಂದೆ ಇದ್ದುದರಿಂದ ಆ ಪ್ರಶ್ನೆ ಅಲ್ಲೇ ಮುಗಿಯಿತು. ಹಾಗಂತ ನಮ್ಮದು ರಾಜಕೀಯ ಅಲ್ಲ ಅಂತ ನಾನು ಹೇಳುವುದಿಲ್ಲ. ವೋಟು ಕೊಡುವವರು ಸೇರಿ ತಮ್ಮ ಜೀವ ಉಳಿಸುವ ವ್ಯವಸ್ಥೆ ಕೇಳುವುದಕ್ಕಿಂತ ದೊಡ್ಡ ರಾಜಕೀಯ ಇನ್ನೇನಿದೆ?

ಒಂದು ಕಡೆಯಿಂದ "ಪ್ಯಾಕೇಜ್" ಮಾತೂ ಬಂತು. ಇಷ್ಟು ಕೊಟ್ಟರೆ ಇಷ್ಟು ನಿಮಿಷ ತೋರಿಸುತ್ತೇವೆ ಅಂತ. ನಾವು ಕೊಡಲಿಲ್ಲ. ಕೊಡುವುದು ಸರಿಯೂ ಅಲ್ಲ, ಯಾರ ಸಂಕಟವನ್ನೂ ದುಡ್ಡು ಕೊಟ್ಟು ಸುದ್ದಿ ಮಾಡಿಸಬಾರದು. ಅದನ್ನು ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ. ಬಸ್ ಚಾರ್ಜನ್ನೂ ತೆಗೆದುಕೊಳ್ಳದೆ, ಊಟ ಮಾಡಿ ಹೋಗಿ ಎಂದರೆ "ಮೊದಲು ಸುದ್ದಿ ಕಳಿಸಬೇಕು" ಅಂತ ಮರದ ಕೆಳಗೆ ಕೂತು ಮೊಬೈಲಿನಲ್ಲೇ ಟೈಪ್ ಮಾಡುತ್ತಿದ್ದವರಿಗಾಗಿ. ಆಮೇಲೆ ಹುಬ್ಬಳ್ಳಿಯ ಡೆಸ್ಕಿನಲ್ಲಿ ಕೂತು ಇದು ಜಿಲ್ಲಾ ಪುಟದಲ್ಲಿ ಮುಗಿಯುವ ಸುದ್ದಿಯಲ್ಲ ಅಂತ ಮುಂದಕ್ಕೆ ಕಳಿಸಿದ ಉಪಸಂಪಾದಕರು ಯಾರೋ ಇದ್ದಾರೆ. ಅವರ ಹೆಸರು ಎಲ್ಲೂ ಅಚ್ಚಾಗುವುದಿಲ್ಲ. ನೀವು ಇದನ್ನು ಓದುತ್ತಿದ್ದರೆ, ಕುಮಟಾಕ್ಕೆ ಬಂದಾಗ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು. ಮಾತಿಗೆ ಕರೆಯುತ್ತಿಲ್ಲ, ನಿಜವಾಗಿ ಕರೆಯುತ್ತಿದ್ದೇನೆ.

ಚಪ್ಪರ ಹಾಕಿದವರು, ಧ್ವನಿವರ್ಧಕದವರು, ಆಟೋದಲ್ಲಿ ಮೈಕ್ ಕಟ್ಟಿ ಗೋಕರ್ಣದವರೆಗೆ ಕೂಗಿಕೊಂಡು ಬಂದವರು, ಅವಲಕ್ಕಿ ಮಜ್ಜಿಗೆ ಕೊಟ್ಟ ಸ್ವಸಹಾಯ ಸಂಘದ ಅಕ್ಕಂದಿರು, ಬಿಸಿಲಲ್ಲಿ ನಿಂತ ಪೊಲೀಸರು, ಎಲ್ಲರಿಗೂ ಧನ್ಯವಾದ. ಮನವಿ ತೆಗೆದುಕೊಳ್ಳಲು ಮೈದಾನಕ್ಕೇ ಬಂದ ಅಧಿಕಾರಿಗೂ.

ಇನ್ನು ಮುಂದಿನ ಮಾತು. ಖರ್ಚಿನ ಲೆಕ್ಕ ಬರೆದು ಮಾಸ್ತರರ ಮನೆಯಲ್ಲಿ ಇಟ್ಟಿದ್ದೇವೆ, ಯಾರು ಬೇಕಾದರೂ ಹೋಗಿ ನೋಡಬಹುದು. ಉಳಿದ ಹಣ ಮುಂದಿನ ಸಭೆಗೆ. ಅದು ಶಿರಸಿಯಲ್ಲಿ ಆಗಬೇಕು ಅಂತ ಘಟ್ಟದ ಮೇಲಿನವರು ಕೇಳಿದ್ದಾರೆ, ಅಡಿಕೆ ಕೊಯ್ಲು ಮುಗಿದ ಮೇಲೆ ದಿನ ಗೊತ್ತು ಮಾಡುತ್ತಾರೆ. ಭಾನುವಾರ ಮಾತಾಡಿದವರ ವಿಡಿಯೋ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕತ್ತರಿಸದೆ ಪೂರ್ತಿ ಹಾಕಿ, ಯಾವ ನಾಯಕರ ಮುಖವನ್ನೂ ಅದಕ್ಕೆ ಅಂಟಿಸಬೇಡಿ. ಗಂಗಾವಳಿ ದಡದ ಅಕ್ಕನ ಮನೆಗೆ ಈಗ ದಿನಾ ಯಾರಾದರೂ ಕ್ಯಾಮೆರಾ ಹಿಡಿದು ಬರುತ್ತಿದ್ದಾರಂತೆ. ಅವರು ಬೆಳಿಗ್ಗೆ ಮೀನು ಮಾರಲು ಹೋಗಬೇಕು, ಮಧ್ಯಾಹ್ನ ಮೂರರ ಮೇಲೆ ಮಾತಾಡಲು ಅಡ್ಡಿಯಿಲ್ಲ ಎಂದಿದ್ದಾರೆ. ಹೋಗುವವರು ಮೊದಲೇ ನಮಗೆ ಒಂದು ಮಾತು ಹೇಳಿ, ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಬರುತ್ತೇವೆ.