ಹಾಲಿನ ಲೆಕ್ಕದ ಪಕ್ಕದಲ್ಲಿ ನಿದ್ದೆಯ ಲೆಕ್ಕ

ನಮ್ಮ ಮಗ ಎಸ್ಸೆಸ್ಸೆಲ್ಸಿ ಪಾಸಾದ. ಫಲಿತಾಂಶದ ದಿನ ಫೋನ್ ಮಾಡಿದವರಿಗೆ ಉತ್ತರಿಸಲಾಗದಷ್ಟು ಗಂಟಲು ಕಟ್ಟಿತ್ತು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ಎಂಟನೆಯ ತರಗತಿಯಲ್ಲಿದ್ದಾಗ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಹತ್ತೇ ನಿಮಿಷ ನೋಡಿ ‘ಬೈಪೋಲಾರ್ ಇರಬೇಕು’ ಎಂದುಬಿಟ್ಟರು. ಮನಸ್ಸು ಒಮ್ಮೆ ಉನ್ಮಾದಕ್ಕೆ, ಅಂದರೆ ಅತಿ ಉತ್ಸಾಹಕ್ಕೆ ಏರಿ, ಇನ್ನೊಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ ಅದು. ಸಿಟ್ಟು, ಬಿಡುವಿಲ್ಲದ ಮಾತು, ಕೂತಲ್ಲಿ ಕೂರದ ಚಡಪಡಿಕೆ ಇದ್ದವು. ಅವನ ಸೋದರಮಾವನಿಗೆ ಆ ಕಾಯಿಲೆ ಇದೆ ಎಂದು ನಾನೇ ಹೇಳಿದ್ದೆ. ಆ ರಾತ್ರಿ ನಾನೂ ಯಜಮಾನರೂ ಕಣ್ಣು ಮುಚ್ಚಲಿಲ್ಲ.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರಿಗೆ ಮೊದಲ ನಮಸ್ಕಾರ. ಅವರು ಕಾಯಿಲೆಗೆ ಹೆಸರಿಡಲು ಅವಸರಪಡಲಿಲ್ಲ. ಸಿಟ್ಟು, ಚಡಪಡಿಕೆ ಬೈಪೋಲಾರ್‌ನಲ್ಲೂ ಇರುತ್ತವೆ, ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಯಲ್ಲೂ ಇರುತ್ತವೆ ಎಂದರು. ಬೈಪೋಲಾರ್ ಅಲೆಯಂತೆ ಬರುತ್ತದೆ. ಉನ್ಮಾದ ಏರಿದರೆ ಮಗು ತನ್ನ ಎಂದಿನ ರೀತಿ ಬಿಟ್ಟು ಕಡಿಮೆಯೆಂದರೂ ಒಂದು ವಾರ ಬೇರೆಯೇ ಆಗಿರುತ್ತದೆ. ಎಡಿಎಚ್‌ಡಿ ಹಾಗೆ ಬಂದುಹೋಗುವುದಲ್ಲ. 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡು ಮನೆಯಲ್ಲೂ ಶಾಲೆಯಲ್ಲೂ ಜೊತೆಗೇ ಇರುತ್ತದೆ.

ಬರೆದಿಡಿ ಎಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದೆ: ಮಲಗಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ, ಸಿಟ್ಟು ಎಷ್ಟು ಹೊತ್ತು. ಮೂರು ತಿಂಗಳ ಹಾಳೆಗಳು ಒಂದೇ ಕಥೆ ಹೇಳಿದವು. ಮಲಗುವುದು ತಡ, ಬೆಳಿಗ್ಗೆ ಮುಖಕ್ಕೆ ನೀರು ಚಿಮುಕಿಸಿದರೂ ಏಳುತ್ತಿರಲಿಲ್ಲ. ಸಿಟ್ಟು ಅರ್ಧ ತಾಸು. ಆಮೇಲೆ ತಾನೇ ಬಂದು ರೊಟ್ಟಿ ಕೇಳುತ್ತಿದ್ದ.

ಅಣ್ಣಾ, ಗದಗಿನಿಂದ ಬಂದು ಯಾರೆದುರೂ ಆಡದ ಮಾತನ್ನು ನೀನು ನನ್ನೆದುರು ಆಡಿದೆ. “ಉನ್ಮಾದ ಏರಿದಾಗ ಎರಡು ತಾಸು ಮಲಗಿದರೂ ನನಗೆ ದಣಿವೇ ಇರಲಿಲ್ಲ ತಂಗಿ, ಊರೆಲ್ಲ ನನ್ನ ಕೈಯಲ್ಲೇ ಇದೆ ಎನಿಸುತ್ತಿತ್ತು.” ವ್ಯತ್ಯಾಸ ನನಗೆ ಮನದಟ್ಟಾದದ್ದು ಆಗಲೇ. ನಿನ್ನ ಕಾಯಿಲೆ ಮಗನಿಗೆ ಬಾರದಿರಲೆಂದು ನಾನು ಅತ್ತದ್ದು ನಿನಗೆ ನೋವು ತಂದಿರಬೇಕು, ಕ್ಷಮಿಸು. ಮಾತ್ರೆ ತಪ್ಪಿಸದೆ ನೀನು ಅಂಗಡಿ ನಡೆಸುವುದನ್ನು ನೋಡಿಯೇ ನನ್ನ ಭಯ ಅರ್ಧ ಇಳಿಯಿತು.

ಒಂದನೆಯ ತರಗತಿಯ ಅಕ್ಕೋರು ನಿವೃತ್ತರಾಗಿದ್ದರೂ ಬಸ್ ಹತ್ತಿ ನಮ್ಮೊಂದಿಗೆ ಆಸ್ಪತ್ರೆಗೆ ಬಂದರು. “ಆರು ವರ್ಷದವನಿದ್ದಾಗಲೂ ಪಾಟಿ ಮರೆತು ಬರುತ್ತಿದ್ದ, ಲೆಕ್ಕ ಅರ್ಧಕ್ಕೆ ಬಿಟ್ಟು ಕಿಟಕಿಗೆ ಓಡುತ್ತಿದ್ದ” ಎಂದು ವೈದ್ಯರಿಗೆ ಹೇಳಿದರು. ಅಕ್ಕೋರೆ, ನಿಮ್ಮ ಆ ನೆನಪಿನ ಋಣ ನಾವು ತೀರಿಸಲಾರೆವು.

ಎಡಿಎಚ್‌ಡಿ ಎಂದು ಖಚಿತವಾಯಿತು. ಔಷಧ ಶುರುವಾಯಿತು, ಶಾಲೆಯವರು ಮುಂದಿನ ಬೆಂಚು ಕೊಟ್ಟರು. ಎಡಿಎಚ್‌ಡಿ, ಬೈಪೋಲಾರ್ ಎರಡೂ ಒಟ್ಟಿಗೆ ಇರುವುದುಂಟು, ಬೈಪೋಲಾರ್ ಮನೆತನದಲ್ಲೂ ಇದೆ. ಆದ್ದರಿಂದ ವೈದ್ಯರು ಇನ್ನೂ ಒಂದು ಕಣ್ಣಿಟ್ಟಿದ್ದಾರೆ. ಕ್ಯಾಲೆಂಡರ್ ಬರೆಯುವುದು ನಿಂತಿಲ್ಲ. ಈಗ ಅವನೇ ಬರೆಯುತ್ತಾನೆ.