ಪಿಡಿಎಫ್ ಫಾರ್ವರ್ಡ್ ಮಾಡೋ ಮುಂಚೆ ಇದೊಂದು ಓದಿ

ಎಲ್ರಿಗೂ ನಮಸ್ಕಾರ. ನಿನ್ನೆ ರಾತ್ರಿ ಗುಂಪಲ್ಲಿ ಯಾರೋ ಹೊಸ ಕಾದಂಬರಿಯ ಪಿಡಿಎಫ್ ಹಾಕಿದ್ರು, ಡಿಲೀಟ್ ಮಾಡಿದೀನಿ, ಬೇಜಾರು ಮಾಡ್ಕೋಬೇಡಿ. ವರ್ಷಗಟ್ಟಲೆ ಕೂತು ಬರೆದೋರಿಗೆ ಬರೋದೇ ಒಂದಿಷ್ಟು ರಾಯಲ್ಟಿ, ಅದನ್ನೂ ನಾವು ಒಂದು ಫಾರ್ವರ್ಡ್ ಒತ್ತಿ ಕಿತ್ಕೊಂಡ್ರೆ ಹೇಗೆ ಹೇಳಿ. ಇನ್ನೊಂದು ವಿಷ್ಯ, ಪುಸ್ತಕಗಳನ್ನ ಹೀಗೆ ಕದ್ದು ಹಂಚೋ ಸೈಟಿಂದ ಇಳಿಸಿದ ಫೈಲ್ ಹೆಸರಿನ ಕೊನೇಲಿ ಎಪಿಕೆ ಅಥವಾ ಇಎಕ್ಸ್‌ಇ ಅಂತಿದ್ರೆ ಅದು ಪುಸ್ತಕಾನೇ ಅಲ್ಲ, ಆ್ಯಪ್ ಅಥವಾ ಪ್ರೋಗ್ರಾಂ, ಮುಟ್ಟಲೇಬೇಡಿ, ಫೋನಿಗೆ ಬರೋ ಓಟಿಪಿ ಎಲ್ಲಾ ಬೇರೆಯವರ ಕೈಗೆ ಹೋಗ್ಬಹುದು.

ಹಾಗಂತ ಇ-ಬುಕ್‌ನ ಕಾಪಿ ಮಾಡೋಕೆ, ಬೇರೆ ಕಡೆ ಓದೋಕೆ ಆಗದ ಹಾಗೆ ಕಂಪನಿಗಳು ಹಾಕೋ ಡಿಆರ್‌ಎಂ ಅನ್ನೋ ಡಿಜಿಟಲ್ ಬೀಗ ಸರಿ ಅಂತ ನಾನು ಹೇಳ್ತಿಲ್ಲ. 2009ರಲ್ಲಿ ಜನ ದುಡ್ಡು ಕೊಟ್ಟು ತಗೊಂಡಿದ್ದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನ ಅಮೆಜಾನ್ ಕಂಪನಿ ಆ ಜನರ ಕೈಲಿದ್ದ ಕಿಂಡಲ್ ಅನ್ನೋ ಇ-ಬುಕ್ ಓದೋ ಸಾಧನದಿಂದಲೇ ಅಳಿಸಿಹಾಕ್ತು, 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಕೊಡ್ತು, ಆದ್ರೆ ಪುಸ್ತಕ ಹೋಯ್ತು. ನಂಗೂ ಇದಕ್ಕೆ ಸಿಟ್ಟಿದೆ. ಆ ಸಿಟ್ಟನ್ನ ಬರೆದೋರ ಮೇಲೆ ತೀರಿಸ್ಕೊಳ್ಳೋದು ಬೇಡ ಅಷ್ಟೇ. ಡಿಆರ್‌ಎಂ ಇಲ್ದೆ ಮಾರೋ ಪ್ರಕಾಶಕರೂ ಇದಾರೆ, ಅಂಥವರ ಹತ್ರ ತಗೊಳ್ಳಿ. ಕಾಪಿರೈಟ್ ಮುಗಿದ ಹಳೇ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಉಚಿತ ಇ-ಬುಕ್ ಸೈಟಲ್ಲಿ ಸಿಗ್ತವೆ, ಆ ಲಿಂಕ್ ಎಷ್ಟು ಬೇಕಾದ್ರೂ ಹಾಕಿ.