ಹಳೇ ವಾಲ್ವ್ ಬಿಸಾಡಬೇಡಿ

ಸಂಪಾದಕರೇ,

ಹಳೇ ವಾಲ್ವ್ ರೇಡಿಯೊ, ಆಂಪ್ಲಿಫೈಯರ್ ಕೆಟ್ಟರೆ ಜನ ಸೀದಾ ಗುಜರಿಗೆ ಹಾಕುತ್ತಾರೆ. ಒಳಗಿರುವ ಗಾಜಿನ ಬಲ್ಬಿನಂಥ ವಾಲ್ವ್‌ಗಳನ್ನಾದರೂ ತೆಗೆದಿಡಿ ಮಾರಾಯ್ರೇ! ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ಇವನ್ನು ತಯಾರಿಸುತ್ತಿತ್ತು. ಗುಜರಿಯಲ್ಲಿ ಸಿಕ್ಕ ಇಸಿಸಿ83 ಎಂಬ ವಾಲ್ವ್ ಹಾಕಿ, ಬಿಡಿ ಘಟಕಗಳನ್ನು ಜೋಡಿಸಿ ಸದ್ದು ಹುಟ್ಟಿಸುವ ನನ್ನ ಮಾಡ್ಯುಲರ್ ಸಿಂಥಸೈಜರ್‌ಗೆ ಒಂದು ಮಾಡ್ಯೂಲ್ ಕಟ್ಟಿದೆ. ಆಂಪ್ಲಿಫೈಯರ್‌ನಲ್ಲಿ ಈ ವಾಲ್ವ್‌ಗೆ ನೂರಾರು ವೋಲ್ಟ್ ಕೊಡುತ್ತಾರೆ, ಆದರೆ ನನ್ನ ಸಿಂಥಸೈಜರ್‌ನ ಮಾದರಿಯಾದ ಯೂರೋರ್‍ಯಾಕ್‌ನಲ್ಲಿ ಮುಖ್ಯವಾಗಿ ಇರುವುದು ಪ್ಲಸ್ 12, ಮೈನಸ್ 12 ವೋಲ್ಟ್, ಎರಡರ ನಡುವೆ ಜೋಡಿಸಿದರೆ 24 ವೋಲ್ಟ್ ಸಿಗುತ್ತದೆ, ಅಷ್ಟರಲ್ಲೇ ಪಾಪ ಅದು ಅರೆಹೊಟ್ಟೆಯಲ್ಲಿ ದುಡಿದು ಸದ್ದನ್ನು ಸ್ವಲ್ಪ ಒರಟು ಮಾಡುತ್ತದೆ. ನಮಗೆ ಬೇಕಾಗಿದ್ದೂ ಅದೇ ಅಲ್ವಾ? ವಾಲ್ವ್ ಒಳಗೆ ಕಾಯುವ ತಂತಿ, ಅಂದರೆ ಹೀಟರ್, ಒಂದೇ ಸುಮಾರು 150 ಮಿಲಿಆಂಪ್ ಎಳೆಯುತ್ತದೆ. ನಾನು ಲೆಕ್ಕ ಹಾಕದೆ ಸುಮ್ನೆ ಜೋಡಿಸಿ, ಪವರ್ ಸಪ್ಲೈ ಸುಟ್ಟುಕೊಂಡೆ.

– ಒಬ್ಬ ಓದುಗ, ಬೆಂಗಳೂರು